ಎಡಪಾದದ ಕಪ್ಪು

"ಅಂಬಾರಾಯಣ್ಣ, ಸ್ವಲ್ಪ ಅಲ್ಲಾಡದೆ ನಿಲ್ಲಿ," ಎಂದಳು ಉಪಕರಣ ಪರೀಕ್ಷಕಿ ಜಯಶೀಲಾ. ಮುಂಬೈ ಹತ್ತಿರದ ಅಂಬರನಾಥದ ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ವಾಚ್‌ಮನ್ ಅಂಬಾರಾಯ ಬರಿಗಾಲಲ್ಲಿ ನಿಂತಿದ್ದ. ಹತ್ತು ವರ್ಷ ಬಳಸಿದ ಎರಡು ದುರ್ಬೀನುಗಳಲ್ಲಿ ಯಾವುದನ್ನು ಇನ್ನೂ ನಂಬಬಹುದೆಂದು ಅವಳು ವರದಿ ಬರೆಯಬೇಕಿತ್ತು. ಮಂದ ಬೆಳಕನ್ನು ಹೆಚ್ಚಿಸಿ ತೋರಿಸುವ ನೈಟ್ ವಿಷನ್‌ನಲ್ಲಿ ಅವನು ಇಡಿಯಾಗಿ ಕಂಡ. ಮೈಶಾಖವನ್ನು ಬೆಳಕಾಗಿ ತೋರಿಸುವ ಥರ್ಮಲ್‌ನಲ್ಲಿ ಮಾತ್ರ ಅವನ ಎಡಪಾದ ಕಪ್ಪಗಿತ್ತು.

ಥರ್ಮಲ್ ಕೆಟ್ಟಿದೆ ಎಂದು ಬರೆಯಹೊರಟವಳು, ಖಾತ್ರಿಗೆಂದು ಅವನನ್ನು ಪಕ್ಕಕ್ಕೆ ಸರಿದು ನಿಲ್ಲಲು ಹೇಳಿದಳು. ಮಷೀನಿನ ದೋಷವಾಗಿದ್ದರೆ ಕಪ್ಪು ಕಲೆ ಇದ್ದಲ್ಲೇ ಉಳಿಯಬೇಕಿತ್ತು; ಉಳಿಯಲಿಲ್ಲ. ಅವನ ಪಾದದ ಜೊತೆಗೇ ಸರಿಯಿತು.

"ಹಳೇ ಮಷೀನ್ ಅದ, ಬಿಡ್ರಿ ಮೇಡಂ," ಎಂದು ಅವನು ನಕ್ಕ.

ಜಯಶೀಲಾ ದೀಪ ಹಾಕಿ, ನೆಲದ ಮೇಲೆ ಕೂತು ಆ ಪಾದ ಮುಟ್ಟಿದಳು. ಅದು ಕೊರೆಯುವಷ್ಟು ತಣ್ಣಗಿತ್ತು. "ಎಷ್ಟು ದಿನ ಆಯ್ತು ಹೀಗೆ?"

"ತಿಂಗಳಾತ್ರಿ. ನಡದ್ರ ಮೀನಖಂಡ ಹಿಡೀತದ. ಹೇಳಿದ್ರ ಕೆಲಸದಿಂದ ತೆಗೀತಾರಂತ ಸುಮ್ಮನಿದ್ದೆ."

"ಮಷೀನ್ ಸರಿ ಉಂಟು ಮಾರಾಯ್ರೆ, ನಿಮ್ಮ ಕಾಲಿಗೇ ರಕ್ತ ಸರಿಯಾಗಿ ಹೋಗ್ತಾ ಇಲ್ಲ. ಬನ್ನಿ, ಈಗಲೇ ಆಸ್ಪತ್ರೆಗೆ ಹೋಗುವ. ಸಾಹೇಬರ ಹತ್ತಿರ ನಾನು ಮಾತಾಡ್ತೇನೆ."

ಅಂಬಾರಾಯ ಅವಳ ಹೆಗಲ ಮೇಲೆ ಕೈಯಿಟ್ಟು, ತಿಂಗಳಿಂದ ಅಡಗಿಸಿಟ್ಟಿದ್ದ ಕುಂಟನ್ನು ಅಡಗಿಸದೆ, ಬಾಗಿಲ ಕಡೆ ನಡೆದ.