ನೂರನೆಯ ಗುಬ್ಬಿ

“ಹಿಮದ ಗಡಿಗೆ ಹೋಗಿ ಬಂದಾಗಲೆಲ್ಲ ಈ ಜಾಕೆಟ್ಟಿನ ಬೆನ್ನಿಗೆ ಒಂದು ಗುಬ್ಬಿ ಬರೀತೀನಿ ಪುಟ್ಟಿ. ನೂರಾದ ದಿನ ವಿಮಾನ ಬಿಟ್ಟು ಮನೇಲೇ ಇದ್ದುಬಿಡ್ತೀನಿ,” ಎಂದು ವಾಯುಪಡೆಯಲ್ಲಿ ಪೈಲಟ್ ಆಗಿದ್ದ ಅಪ್ಪ ಮಾತು ಕೊಟ್ಟಾಗ ನನಗೆ ಆರು ವರ್ಷ. ಆ ಚರ್ಮದ ಮೇಲೆ ಮೊದಲ ಗುಬ್ಬಿ ಬರೆದವಳು ನಾನೇ. ಅದಕ್ಕೆ ಮೂರು ಕಾಲು.

ಆಮೇಲೆ ಅಪ್ಪ ರಜೆಗೂ ಬರಲಿಲ್ಲ, ಕಾಗದವೂ ನಿಂತಿತು. ಕೇಳಿದಾಗಲೆಲ್ಲ ಅಮ್ಮ, “ಇನ್ನೂ ನೂರಾಗಿಲ್ಲ ಕಣೇ,” ಎನ್ನುತ್ತಿದ್ದಳು. ಸಾಯುವವರೆಗೂ ಅದನ್ನೇ ಅಂದಳು.

ಪೈಲಟ್‌ಗಳು ಚಿತ್ರ ಬರೆಸಿಕೊಂಡ ಹಳೆಯ ಜಾಕೆಟ್ ಎಲ್ಲೇ ಮಾರಾಟಕ್ಕಿದೆ ಎಂದು ಕಿವಿಗೆ ಬಿದ್ದರೂ ಹೋಗುತ್ತಿದ್ದೆ, ಕೊಳ್ಳುತ್ತಿದ್ದೆ. ಹುಲಿ, ಹದ್ದು, ಯಾರದೋ ಹೆಂಡತಿಯ ಮುಖ ಹೊತ್ತ ಹನ್ನೊಂದು ಜಾಕೆಟ್‌ಗಳು ನನ್ನ ಬೀರುವಿನಲ್ಲಿ ತೂಗುತ್ತಿವೆ. ಒಂದರಲ್ಲೂ ಗುಬ್ಬಿಯಿಲ್ಲ.

ಮೊನ್ನೆ ಹಳೇ ಸಾಮಾನಿನ ಅಂಗಡಿಯವನು ಹನ್ನೆರಡನೆಯದನ್ನು ಮೇಜಿನ ಮೇಲೆ ಹರವಿದ. ಎಡ ಭುಜದ ಹತ್ತಿರ ಮೂರು ಕಾಲಿನ ಗುಬ್ಬಿ ಕೂತಿತ್ತು.

“ಎಣಿಸೋದೇ ಬೇಡ ಮೇಡಂ, ಸರಿಯಾಗಿ ನೂರಿದೆ,” ಎಂದ.

“ಇದು ಎಲ್ಲಿ ಸಿಕ್ತು?”

“ಇದನ್ನ ಹಾಕ್ಕೊತಿದ್ದ ಯಜಮಾನರೇ ಕೊಟ್ರು. ಎಂಬತ್ತು ದಾಟಿದೆ, ಇನ್ನೂ ಗಟ್ಟಿಮುಟ್ಟಾಗಿದಾರೆ. ನೂರಾದ ದಿನವೇ ಕೆಲಸ ಬಿಟ್ರಂತೆ. ಮಗಳಿಗೆ ಮಾತು ಕೊಟ್ಟಿದ್ರಂತೆ.”

“ಹಾಗಂದ್ರಾ?”

“ಹೂಂ. ಆ ಮಗಳೇ ನಂಗೆ ಕಾಫಿ ಮಾಡಿಕೊಟ್ರು. ‘ನಾನು ಹುಟ್ಟಿದಾಗಿನಿಂದ ಅಪ್ಪ ಒಂದು ರಾತ್ರಿನೂ ಮನೆ ಬಿಟ್ಟು ಇದ್ದಿಲ್ಲ’ ಅಂತ ಹೇಳ್ಕೊಂಡು ನಗ್ತಿದ್ರು.”

ಅಪ್ಪ ಮಾತು ಉಳಿಸಿಕೊಂಡಿದ್ದ.