ಒಂದೇ ಒಂದು ಹಳೆಯ ಫೋನು

ಕಾಲುವೆಗೆ ನೀರು ಬಿಟ್ಟಿದ್ದರು. ಊರಿನವರೆಲ್ಲ ತಮ್ಮ ಹೊಲದ ಸರದಿ ಯಾವಾಗ ಎಂದು ಫೋನು ತೆರೆದು ನೋಡುತ್ತಿದ್ದ ಆ ಬೆಳಿಗ್ಗೆ, ಸರದಿಯ ಆ್ಯಪ್ ಮಾಡಿಕೊಟ್ಟವಳು ದೂರದ ಪಟ್ಟಣದಲ್ಲಿ ಹಿರಿಯ ಡೆವಲಪರ್ ಕೆಲಸದ ಸಂದರ್ಶನಕ್ಕೆ ಕೂತಿದ್ದಳು. ಮ್ಯಾನೇಜರ್ ಅವಳ ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಆ ಆ್ಯಪಿನ ಬಳಕೆದಾರರ ಪಟ್ಟಿಯ ಮೇಲೆ ಬೆರಳಿಟ್ಟ.

"ಹಳೇ ವರ್ಷನ್ ಬಳಸೋರು ಒಬ್ಬರೇ. ಅವರಿಗೋಸ್ಕರ ಅದನ್ನ ನಡೆಸೋಕೆ ಇಷ್ಟು ಒದ್ದಾಟಾನಾ ಮೇಡಂ? ಒಂದು ಹೊಸ ಫೋನ್ ಕೊಡಿಸೋದೇ ಸಲೀಸು."

"ಕೊಟ್ರೆ ತಗೋಬೇಕಲ್ಲ ಸಾರ್. ನಮ್ಮಕ್ಕ ಅವರು."

ಅವನು ನಕ್ಕ. ಅವಳು ನಗಲಿಲ್ಲ. ಅಕ್ಕನ ಮಗಳ ಮದುವೆಗೆ ಇವಳು ಕೆಲಸದ ನೆಪ ಹೇಳಿ ಹೋಗಿರಲಿಲ್ಲ; ಅಂದಿನಿಂದ ಅಕ್ಕ ಮಾತು ಬಿಟ್ಟಿದ್ದಳು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅಕ್ಕ ಆ್ಯಪ್ ತೆರೆದೊಡನೆ ಈ ಪರದೆಯಲ್ಲಿ ಆ ಹಳೆಯ ಫೋನಿನ ಹಸಿರು ಚುಕ್ಕೆ ಹತ್ತಿಕೊಳ್ಳುತ್ತಿತ್ತು. ಅಕ್ಕ ಎದ್ದಳು, ಹೊಲಕ್ಕೆ ಹೊರಟಳು ಎಂದು ತಿಳಿಯಲು ಅವಳಿಗಿದ್ದದ್ದು ಅದೊಂದೇ.

"ನಿಲ್ಲಿಸಿಬಿಟ್ರೆ ಏನಾಗತ್ತೆ?" ಎಂದ ಮ್ಯಾನೇಜರ್. "ಸಹಾಯಕ್ಕೆ ಅಂತ ನಿಮ್ಮ ನಂಬರೇ ಹಾಕಿದೀರಲ್ಲ. ಫೋನ್ ಮಾಡಿ ಚೆನ್ನಾಗಿ ಬೈತಾರೆ, ಅಷ್ಟೇ ತಾನೆ?"

ಅಕ್ಕನ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು! ಅವಳೇನಾದರೂ ಬೈಯದೆ ಸುಮ್ಮನಿದ್ದುಬಿಟ್ಟರೆ, ನಾಳೆಯಿಂದ ಈ ಚುಕ್ಕೆಯೂ ಇಲ್ಲ.

"ಬೈತಾರೆ ಅಂತೀರಾ ಸಾರ್?"

"ನೀರಿನ ವಿಷಯ ಮೇಡಂ. ಯಾರು ಸುಮ್ನಿರ್ತಾರೆ?"

ಅವಳು ಹಳೆಯ ವರ್ಷನ್ ನಿಲ್ಲಿಸಿದಳು. ಹಸಿರು ಚುಕ್ಕೆ ಆರಿತು. ಸಂದರ್ಶನವೆಂದು ಬಂದ್ ಮಾಡಿಟ್ಟಿದ್ದ ತನ್ನ ಫೋನನ್ನು ಚೀಲದಿಂದ ತೆಗೆದು, ಆನ್ ಮಾಡಿ ಮೇಜಿನ ಮೇಲಿಟ್ಟಳು.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದಳು. "ನಡುವೆ ಇದು ಬಡ್ಕೊಂಡ್ರೆ ನಾನು ಎತ್ತಲೇಬೇಕು."