ಮೂರನೆಯ ಸಂಬಂಧವೂ ಹ್ಯಾಂಗ್

ಹಂಸಿನಿ ಮತ್ತೆ ಕಲ್ಲಾದಳು.

ಮಲಗುವ ಕೋಣೆಯಲ್ಲಿ ಕೂತು ಮೊಬೈಲಿನಿಂದ ಅದೇ ವಿಡಿಯೊ ಕಾಲಿಗೆ ಸೇರಿಕೊಂಡಿದ್ದ ಮುರಳೀಧರರು ಹಣೆ ಚಚ್ಚಿಕೊಂಡರು. ತೆರೆಯ ಮೇಲೆ ಮಗಳ ಬಾಯಿ ಅರ್ಧ ತೆರೆದಿತ್ತು. ಒಂದು ಹುಬ್ಬು ಮೇಲೇರಿ ಅಲ್ಲೇ ನಿಂತಿತ್ತು. ಹಿಂದೆ ಕಪಾಟಿನಲ್ಲಿ ಕಾಲೇಜಿನ ಮೂಕಾಭಿನಯಕ್ಕೆ ಬಂದ ಬಹುಮಾನದ ಕಪ್, ಪಕ್ಕದಲ್ಲಿ ಹಾರಾಡುವ ಹೊಸ ಪರದೆ. ಗಂಡಿನ ಕಡೆಯವರಿಗೆ ಕಾಣಲೆಂದೇ ಹೆಂಡತಿ ವೈಜಯಂತಿ ಜೋಡಿಸಿದ್ದು. ಎಲ್ಲ ವ್ಯರ್ಥ.

"ಮದುವೆ ಆದ್ಮೇಲೆ ಕೆಲಸ ಬಿಡ್ತೀಯಲ್ವಾ ಮಗೂ?" ಎಂಬ ಗಂಡಿನ ಕಡೆಯವರ ಪ್ರಶ್ನೆ ಅಲ್ಲೇ ನೇತಾಡಿತು. ಕಾಲ್ ಕಡಿಯಿತು.

"ಅಪ್ಪಾ, ಲ್ಯಾಪ್‌ಟಾಪ್ ಫಿರ್ ಸೇ ಹ್ಯಾಂಗ್!" ಹಂಸಿನಿ ತನ್ನ ಕೋಣೆಯ ಬಾಗಿಲು ತೆರೆದಳು. ಮಾತುಕತೆ ಮುಗಿಯುವವರೆಗೆ ಯಾರೂ ಒಳಗೆ ಬರಕೂಡದೆಂಬುದು ಅವಳದೇ ಷರತ್ತು.

ಸಂಜೆಗೆ ಸಂದೇಶ ಬಂತು: ಮಾತು ನಡುವೆಯೇ ನಿಂತಿತು, ಶಕುನ ಸರಿಯಿಲ್ಲ. ಇದು ಮೂರನೆಯದು. ಡಿಸೆಂಬರಿಗೆ ಮುರಳೀಧರರ ನಿವೃತ್ತಿ. ಅಷ್ಟರೊಳಗೆ ಮಗಳ ಮದುವೆಯ ಕಡತ ವಿಲೇವಾರಿ ಆಗಲೇಬೇಕಿತ್ತು.

ಮರುದಿನ ಲ್ಯಾಪ್‌ಟಾಪ್ ಬಗಲಿಗಿಟ್ಟು ಇಂದಿರಾಪುರಂನಿಂದ ದೆಹಲಿಯ ಲಕ್ಷ್ಮೀ ನಗರದ ರಿಪೇರಿ ಅಂಗಡಿಗೆ ಹೋದರು.

"ಅಂಕಲ್‌ಜೀ, ಮಷೀನ್ ಏಕ್‌ದಂ ಠೀಕ್ ಹೈ," ಎಂದ ರಿಪೇರಿಯವನು.

"ಭಯ್ಯಾ, ಮೂವರು ವರರನ್ನ ನುಂಗಿದೆ ಇದು," ಎಂದು ಕನ್ನಡದಲ್ಲೇ ಗೊಣಗಿ, ಎಂಟು ಜಿಬಿ ಮೆಮೊರಿಯನ್ನು ಹದಿನಾರು ಮಾಡಿಸಿದರು. ಲ್ಯಾಪ್‌ಟಾಪ್ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದುಕೊಂಡಿತು.

"ಅಚ್ಛಾ... ಹಾಕಿಸೇಬಿಟ್ರಾ?" ಹಂಸಿನಿಯ ಮುಖ ಸಪ್ಪಗಾಯಿತು. ಪಾಪ, ಖರ್ಚು ಮಾಡಿಸಿದೆನೆಂದು ಹುಡುಗಿಗೆ ಸಂಕೋಚ, ಎಂದುಕೊಂಡರು ಅಪ್ಪ.

ಭಾನುವಾರ ನಾಲ್ಕನೆಯ ವರ ಸುಹಾಸ್. ಗುರುಗ್ರಾಮದಲ್ಲಿ ಕೆಲಸ. ಅವನೂ ಒಂದು ಕೋಣೆಯಲ್ಲಿ, ಅವನ ತಾಯಿ ಲೀಲಾವತಿ ಇನ್ನೊಂದರಲ್ಲಿ. ಚಿತ್ರ ಗಾಜಿನಂತೆ ಸ್ವಚ್ಛ. ಹಂಸಿನಿ ನಕ್ಕಳು, ಸುಹಾಸನೂ ನಕ್ಕ. ಮುರಳೀಧರರು ಮನಸ್ಸಿನಲ್ಲೇ ಛತ್ರ ಹುಡುಕತೊಡಗಿದರು.

ಗಂಡನ ಭುಜದ ಮೇಲಿಂದ ಬಾಗಿ ವೈಜಯಂತಿ ಕೇಳಿಯೇಬಿಟ್ಟರು: "ಮದುವೆ ಆದ್ಮೇಲೂ ತಾಯಿ ಜೊತೆಗೇ ಇರ್ತೀರೋ, ಬೇರೆ ಮನೆ ಮಾಡ್ತೀರೋ?"

ಸುಹಾಸ್ ಬಾಯಿ ತೆರೆದ. ಅಲ್ಲಿಗೇ ನಿಂತ.

"ಅಯ್ಯೋ, ಅವರದಕ್ಕೂ ಮೆಮೊರಿ ಸಾಲದು ಕಣೇ! ಆ ಭಯ್ಯಾನ ನಂಬರ್ ಕೊಡೋಣ," ಎಂದು ಪಿಸುಗುಟ್ಟಿದರು ಮುರಳೀಧರರು.

"ಇರಲಿ ಬಿಡಿ. ನೀನು ಹೇಳಮ್ಮಾ," ಎಂದರು ಲೀಲಾವತಿ, "ಕೆಲಸ ಬಿಡ್ತೀಯಲ್ವಾ?"

ಹಂಸಿನಿಯ ಹುಬ್ಬು ಮೇಲೇರಿ ಅಲ್ಲೇ ನಿಂತಿತು.

ಎದುರುಬದುರು ಎರಡು ಕಲ್ಲುಗಳು: ಒಂದರ ಹಿಂದೆ ಹೊಸ ಪರದೆ ಹಾರಾಡುತ್ತಲೇ ಇತ್ತು, ಇನ್ನೊಂದರ ಹಿಂದೆ ಬೆಕ್ಕೊಂದು ಮೈಮುರಿದು, ಬಾಲವೆತ್ತಿ, ಸಾವಕಾಶವಾಗಿ ನಡೆದುಹೋಯಿತು.